ಪಂಪಿನ ಹೊಟ್ಟೆಯೊಳಗಿನ ಮರಳು

ರಾಯಚೂರಿನಿಂದ ಚಂದ್ರಬಂಡದ ದಾರಿ ಹಿಡಿದರೂ ಸರಿ, ದೇವದುರ್ಗ, ಮಾನ್ವಿಯ ಕಡೆ ತಿರುಗಿದರೂ ಸರಿ, ಹೊಲದ ಬದುವಿನಲ್ಲೋ ಹಳ್ಳದ ದಂಡೆಯಲ್ಲೋ ಕೂತ ಪಂಪ್‌ಸೆಟ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಮೋಟರಿನ ಮುಂದೆ ಸುರುಳಿ ಸುತ್ತಿಕೊಂಡಂತಿರುವ ಎರಕದ ಕಬ್ಬಿಣದ ಭಾಗವೇ ಅದರ ಕೇಸಿಂಗ್. ನೀರು ನಡುವಿನಿಂದ ಒಳಗೆ ಬಂದು, ತಿರುಗುವ ಇಂಪೆಲರ್‌ನ ಹೊಡೆತಕ್ಕೆ ಅಂಚಿಗೆ ಚಿಮ್ಮಿ, ಸುರುಳಿಯಲ್ಲಿ ಸುತ್ತು ಹಾಕಿ ಪೈಪಿಗೆ ಏರುತ್ತದೆ. ಈ ಸುರುಳಿ ಹೋಗ್ತಾ ಹೋಗ್ತಾ ಅಗಲವಾಗುತ್ತದೆ, ಜೊತೆಗೆ ಬಾಗುತ್ತದೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ಇಂಥ ವಸ್ತುವಿನ ಒಳಗೆ ಆ ಟೊಳ್ಳು ಹೇಗೆ ಉಳಿಯಿತು?

ಉತ್ತರ ಮರಳು. ಎರಕ ಹೊಯ್ಯುವ ಮುಂಚೆ, ನೀರು ಹರಿಯಬೇಕಾದ ಜಾಗದಲ್ಲೆಲ್ಲ ಅದೇ ಆಕಾರದ ಮರಳಿನ ಗಟ್ಟಿಯೊಂದನ್ನು ಅಚ್ಚಿನೊಳಗೆ ಕೂರಿಸಿರುತ್ತಾರೆ. ಫೌಂಡ್ರಿಯವರು ಇದನ್ನು ಕೋರ್ ಎನ್ನುತ್ತಾರೆ. ಸಣ್ಣ ಹರಳಿನ ಸಿಲಿಕಾ ಮರಳಿಗೆ ಅಂಟು ಬೆರೆಸಿ, ಎರಡು ಹೋಳಿನ ಕೋರ್ ಬಾಕ್ಸ್‌ನಲ್ಲಿ ಒತ್ತಿ ತುಂಬಿ, ಗಟ್ಟಿಯಾದ ಮೇಲೆ ಬಾಕ್ಸ್ ಬಿಚ್ಚಿ ಹೊರಗೆ ತೆಗೆಯುತ್ತಾರೆ. ಕೈಗೆತ್ತಿಕೊಂಡರೆ ಹದವಾಗಿ ಸುಟ್ಟ ಇಟ್ಟಿಗೆಯಷ್ಟು ಬಿಗಿ; ಅಂಚನ್ನು ಉಗುರಿನಿಂದ ಕೆರೆದರೆ ಮಾತ್ರ ಹರಳು ಉದುರುತ್ತದೆ. ಮೇಲೆ ಗ್ರಾಫೈಟ್ ಬಳಿದಿದ್ದರೆ ಬೆರಳಿಗೆ ಕಪ್ಪು ಹತ್ತುತ್ತದೆ. ಕಬ್ಬಿಣ ಮರಳಿಗೆ ಅಂಟಬಾರದೆಂದು ಆ ಲೇಪ. ಒಂದೆರಡು ಕಡೆ ಕಡ್ಡಿ ಚುಚ್ಚಿದ ಹಾಗೆ ಸಣ್ಣ ರಂಧ್ರಗಳೂ ಇರುತ್ತವೆ. ಅಂಟು ಸುಡುವಾಗ ಹುಟ್ಟುವ ಹೊಗೆ, ಅನಿಲಗಳು ಅಲ್ಲಿಂದ ಹೊರಗೆ ಹೋಗಬೇಕು. ದಾರಿ ಸಿಗದಿದ್ದರೆ ಅವು ಕಬ್ಬಿಣದೊಳಗೇ ಗುಳ್ಳೆಯಾಗಿ ಕೂತು, ಮುಂದೆ ಕೇಸಿಂಗ್ ಜಿನುಗುತ್ತದೆ.

ಕೋರನ್ನು ಅಚ್ಚಿನಲ್ಲಿ ಇಟ್ಟು ಕಬ್ಬಿಣ ಸುರಿದುಬಿಟ್ಟರೆ ಆಯಿತು ಎನ್ನುವ ಹಾಗಿಲ್ಲ. ಕರಗಿದ ಕಬ್ಬಿಣದ ಒಂದು ಲೀಟರ್ ಸುಮಾರು 7 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಮರಳಿನ ಕೋರ್ ತೂಗುವುದು 1.6 ಕಿಲೋ ಆಸುಪಾಸು. ಅಂದರೆ ಆರ್ಕಿಮಿಡೀಸ್‌ನ ಲೆಕ್ಕದಂತೆ, ಕಬ್ಬಿಣದಲ್ಲಿ ಮುಳುಗಿದ ಕೋರಿನ ಪ್ರತಿ ಲೀಟರನ್ನೂ ಐದು ಕಿಲೋಗಿಂತ ಹೆಚ್ಚಿನ ಬಲ ಮೇಲಕ್ಕೆ ತಳ್ಳುತ್ತದೆ. ನಾಲ್ಕು ಲೀಟರಿನ ಕೋರ್ ಇಪ್ಪತ್ತು ಕಿಲೋ ಮೀರಿದ ಒತ್ತಡಕ್ಕೆ ತೇಲಲು ಹವಣಿಸುತ್ತದೆ. ಸ್ವಲ್ಪ ಎದ್ದರೂ ಕೇಸಿಂಗಿನ ಮೇಲಿನ ಗೋಡೆ ತೆಳುವಾಗಿ, ಕೆಳಗಿನದು ದಪ್ಪವಾಗಿ ಕೂಡುತ್ತದೆ. ಅದಕ್ಕೇ ಕೋರಿನ ತುದಿಗಳನ್ನು ಅಚ್ಚಿನ ಮರಳಿನಲ್ಲಿ ಹೂತು ಹಿಡಿಸುತ್ತಾರೆ. ನಡುವೆ ಆಸರೆ ಬೇಕಾದರೆ ಚಾಪ್ಲೆಟ್ ಎಂಬ ಸಣ್ಣ ಲೋಹದ ಕುದುರೆಗಳನ್ನು ಇಡುತ್ತಾರೆ. ಅವು ಕೊನೆಗೆ ಎರಕದಲ್ಲೇ ಬೆರೆತು ಹೋಗುತ್ತವೆ.

ಇಲ್ಲಿಯವರೆಗೆ ಕೋರ್ ಗಟ್ಟಿಯಾಗಿರಬೇಕು. ಇಲ್ಲಿಂದ ಮುಂದೆ ಅದು ಸೋಲಬೇಕು.

ಕಬ್ಬಿಣ ಗಟ್ಟಿಯಾಗಿ ತಣಿಯುತ್ತ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಉಕ್ಕಾದರೆ ಅದರ ಎರಡರಷ್ಟು. ಒಳಗಿನ ಕೋರ್ ಜಗ್ಗದೆ ನಿಂತರೆ ಕುಗ್ಗುವ ಲೋಹ ಅದರ ಮೇಲೆ ಬಿಗಿದುಕೊಂಡು ಬಿಸಿಯಲ್ಲೇ ಸೀಳುತ್ತದೆ. ಹಾಗಾಗಿ ಒಳ್ಳೆಯ ಕೋರ್ ಮೊದಲ ಕೆಲವು ನಿಮಿಷ ಕಬ್ಬಿಣದ ಒತ್ತಡ ತಡೆದು, ಆಮೇಲೆ ಅದರ ಕಾವಿಗೇ ಅಂಟು ಸುಟ್ಟುಹೋಗಿ ಬಿಡಿ ಮರಳಾಗಬೇಕು. ತಣ್ಣಗಾದ ಎರಕವನ್ನು ಅಲ್ಲಾಡಿಸಿದರೆ ಅದು ಸುರಿದು ಹೋಗಬೇಕು. ಎರಕದ ಪರಿಣತರು ಮರಳನ್ನು ಪರೀಕ್ಷಿಸುವಾಗ ಅದು ಎಷ್ಟು ಗಟ್ಟಿ ಎಂಬುದರಷ್ಟೇ ಶ್ರದ್ಧೆಯಿಂದ ಅದು ಯಾವಾಗ ಕುಸಿಯುತ್ತದೆ ಎಂಬುದನ್ನೂ ನೋಡುತ್ತಾರೆ.

ಎಲ್ಲ ಅಂಟುಗಳೂ ಈ ಮಾತು ಕೇಳುವುದಿಲ್ಲ. ಅಗಸೆ ಎಣ್ಣೆ ಬೆರೆಸಿ ಒಲೆಯಲ್ಲಿ ಬೇಯಿಸಿದ ಹಳೆಯ ಕಾಲದ ಕೋರ್ ಚೆನ್ನಾಗಿ ಸುಟ್ಟು ಉದುರುತ್ತಿತ್ತು, ಆದರೆ ಬೇಯಿಸಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಸೋಡಿಯಂ ಸಿಲಿಕೇಟ್ ಬೆರೆಸಿ ಕಾರ್ಬನ್ ಡೈಆಕ್ಸೈಡ್ ಅನಿಲ ಹಾಯಿಸಿದರೆ ಕೋರ್ ಕೆಲವೇ ಕ್ಷಣಗಳಲ್ಲಿ ಗಟ್ಟಿ. ಒಲೆಯ ಗೊಡವೆಯೇ ಇಲ್ಲ. ಆದರೆ ಕಬ್ಬಿಣದ ಕಾವಿಗೆ ಸಿಲಿಕೇಟ್ ಕರಗಿ, ತಣಿದ ಮೇಲೆ ಮರಳನ್ನು ಗಾಜಿನಂತೆ ಬೆಸೆದುಬಿಡುತ್ತದೆ. ಆಗ ಉಳಿ, ಸುತ್ತಿಗೆ ಹಿಡಿದು ಪಂಪಿನ ಹೊಟ್ಟೆಯಿಂದ ಕುಟ್ಟಿ ತೆಗೆಯಬೇಕು. ಇದಕ್ಕೆ ಪರಿಹಾರವೆಂದು ಮಿಶ್ರಣಕ್ಕೆ ಕಾಕಂಬಿ ಸೇರಿಸುವುದುಂಟು. ಸಕ್ಕರೆ ಕಾರ್ಖಾನೆಯ ಉಪ ಉತ್ಪನ್ನವಾದ ಅದು ಬಿಸಿಗೆ ಸುಟ್ಟು, ಹರಳುಗಳ ನಡುವೆ ಸಂದು ಬಿಟ್ಟು, ಕೋರನ್ನು ಸಡಿಲ ಮಾಡುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಯ ದೊಡ್ಡ ಕೇರಿ ಬೆಳಗಾವಿ. ನೂರಕ್ಕೂ ಹೆಚ್ಚು ಫೌಂಡ್ರಿಗಳು ಅಲ್ಲಿ ವಾಲ್ವ್, ಪಂಪು, ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತವೆ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದವರು. 1910ರಲ್ಲಿ ಅವರ ಕಾರ್ಖಾನೆ ಈಗಿನ ಕಿರ್ಲೋಸ್ಕರವಾಡಿಗೆ ಹೋಯಿತು. ಪಂಪುಗಳಿಗೆ ಆ ಹೆಸರು ಅಂಟಿಕೊಂಡಿದ್ದು ಅಲ್ಲಿಂದ.

ಟೊಳ್ಳಿನ ಈ ಸಮಸ್ಯೆ ರಾಯಚೂರಿಗೆ ಪಂಪು ಬರುವ ಎಷ್ಟೋ ಮೊದಲೇ ತೋಪಿನ ರೂಪದಲ್ಲಿ ಬಂದಿತ್ತು. 1520ರಲ್ಲಿ ಕೃಷ್ಣದೇವರಾಯ ಆದಿಲಶಾಹಿಗಳಿಂದ ಕೋಟೆ ಗೆದ್ದಾಗ ಅಲ್ಲಿ ಇನ್ನೂರು ದೊಡ್ಡ ತೋಪುಗಳಿದ್ದವು ಎಂದು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿದ್ದಾನೆ. ದಖ್ಖನಿನ ಕೋಟೆಗಳಲ್ಲಿ ಇಂದಿಗೂ ಕಾಣುವ ಉದ್ದನೆಯ ಕಬ್ಬಿಣದ ತೋಪುಗಳು ಎರಕದವಲ್ಲ, ಕಮ್ಮಾರಿಕೆಯವು. ಅಷ್ಟು ಕಬ್ಬಿಣ ಕರಗಿಸಿ ಒಮ್ಮೆಲೇ ಹೊಯ್ಯುವ ಕುಲುಮೆ ಆಗ ಇಲ್ಲಿರಲಿಲ್ಲ. ಕಬ್ಬಿಣದ ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ಹೊಡೆದು ಕೂರಿಸಿದರೆ, ತಣಿಯುವಾಗ ಬಳೆ ಬಿಗಿದು ಪಟ್ಟಿಗಳನ್ನು ಒತ್ತಿ ಹಿಡಿಯುತ್ತದೆ. ತಂಜಾವೂರಿನ ರಾಜಗೋಪಾಲ ಬೀರಂಗಿಯಲ್ಲಿ ಇಂಥ 43 ಪಟ್ಟಿಗಳು, 94 ಬಳೆಗಳು ಇವೆಯೆಂದು ಎಣಿಸಿದ್ದಾರೆ. ಜೋಡಿಸುವಾಗ ಪಟ್ಟಿಗಳು ಒಳಕ್ಕೆ ಬೀಳದಂತೆ ನಡುವೆ ದಿಂಡೊಂದು ಬೇಕು. ಯುರೋಪಿನ ಇಂಥದೇ ತೋಪುಗಳಿಗೆ ಮರದ ದಿಂಡನ್ನು ಬಳಸುತ್ತಿದ್ದರು. ಕಾದ ಬಳೆಗಳ ಬಿಸಿಗೆ ಸುಟ್ಟು ಕರಕಾದ ಮರವನ್ನು ಹೊರಗೆ ತೆಗೆಯುವುದು ಕಷ್ಟದ ಕೆಲಸವಲ್ಲ.

ವಿಜಯಪುರದ ಮಲಿಕ್-ಎ-ಮೈದಾನ್ ಬೇರೆ ಜಾತಿಯದು. 1549ರಲ್ಲಿ ಅಹಮದ್‌ನಗರದಲ್ಲಿ ಕಂಚಿನಲ್ಲಿ ಎರಕ ಹೊಯ್ದ ಇದರ ತೂಕ ಸುಮಾರು 55 ಟನ್. ನಳಿಗೆಯ ಒಳಗಿನ ಅಗಲ 70 ಸೆಂಟಿಮೀಟರ್ ಸುತ್ತಮುತ್ತ. ಅದೇ ಕಾಲದ, 1540ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಇಟಲಿಯ ಲೋಹತಜ್ಞ ಬಿರಿಂಗುಚ್ಚಿಯೊನ ಪುಸ್ತಕದಲ್ಲಿ ಕಂಚಿನ ತೋಪು ಹೊಯ್ಯುವ ವಿವರವಿದೆ: ಕಬ್ಬಿಣದ ಸರಳಿನ ಮೇಲೆ ಮಣ್ಣು ಮೆತ್ತಿದ ದಿಂಡು ಅಚ್ಚಿನ ನಡುವೆ ನೇತಾಡಬೇಕು. ಯುರೋಪಿನ ಎರಕಗಾರರು ಅಚ್ಚು ತಯಾರಿಸುವಾಗ ಮಾಡುತ್ತಿದ್ದ ಒಂದು ಉಪಾಯ ಇನ್ನೂ ಸೊಗಸಾದದ್ದು. ಒಂದು ಕಡೆ ಮೊನಚಾದ ಮರದ ಕಂಬಕ್ಕೆ ಕೊಬ್ಬು ಸವರಿ, ಉದ್ದಕ್ಕೂ ಹಗ್ಗ ಸುತ್ತಿ, ಹಗ್ಗದ ಮೇಲೆ ಮಣ್ಣು ಮೆತ್ತಿ ತೋಪಿನ ಮಾದರಿ ಮಾಡುತ್ತಿದ್ದರು. ಅದರ ಮೇಲೆ ಹೊರಗಿನ ಅಚ್ಚು ಕಟ್ಟಿ ಒಣಗಿದ ಮೇಲೆ ಕಂಬಕ್ಕೆ ಒಂದೇಟು ಕೊಟ್ಟು ಎಳೆದರೆ ಅದು ಜಾರಿ ಬರುತ್ತಿತ್ತು; ಹಗ್ಗದ ತುದಿ ಹಿಡಿದು ಜಗ್ಗಿದರೆ ಸುತ್ತು ಬಿಚ್ಚುತ್ತಿತ್ತು; ಆಸರೆ ತಪ್ಪಿದ ಮಣ್ಣನ್ನು ಒಡೆದು ತೆಗೆದರೆ ಒಳಗೆಲ್ಲ ಖಾಲಿ.

ಇಷ್ಟೆಲ್ಲ ಮಾಡಿದರೂ ನಡುವಿನ ದಿಂಡು ಕೂದಲೆಳೆಯಷ್ಟು ಓರೆಯಾಗಿ ನಿಂತರೆ ನಳಿಗೆಯೂ ಓರೆ, ಗುಂಡೂ ಓರೆ. 18ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಮಾರಿಟ್ಜ್ ಕುಟುಂಬ ದಿಂಡಿನ ತಂಟೆಯೇ ಬೇಡವೆಂದು ತೋಪನ್ನು ಗಟ್ಟಿಯಾಗಿ ಹೊಯ್ದು ಆಮೇಲೆ ಕೊರೆಯುವ ಯಂತ್ರ ತಂದಿತು. ಅದೇ ಹಾದಿಯಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್‌ಸನ್ 1774ರಲ್ಲಿ ಪೇಟೆಂಟ್ ಪಡೆದ ಕೊರೆಯುವ ವಿದ್ಯೆ ಮುಂದೆ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಉರುಟಾದ ಸಿಲಿಂಡರ್ ಕೊಟ್ಟಿತು. ನೆಟ್ಟಗಿನ ರಂಧ್ರಕ್ಕೇನೋ ಇದು ಸರಿ. ಸುರುಳಿ ಸುತ್ತಿದ ಪಂಪಿನೊಳಗೆ ಯಾವ ಬೈರಿಗೆಯೂ ತಿರುಗಲಾರದು. ಅಂಥ ಟೊಳ್ಳಿಗೆ ಒಡೆದು ತೆಗೆಯುವ ಆಸರೆಯೇ ಗತಿ.

ಬೀದರಿನ ಕುಶಲಕರ್ಮಿಗಳು ಬಿದ್ರಿ ಹುಕ್ಕಾದ ಬುಡ ಮಾಡುತ್ತಿದ್ದ ಕ್ರಮವನ್ನು, ಒಂದು ಕಾಲಕ್ಕೆ ಲಾಲ್‌ಬಾಗಿನ ಉಸ್ತುವಾರಿ ನೋಡಿದ್ದ ಬೆಂಜಮಿನ್ ಹೈನ್ 19ನೇ ಶತಮಾನದ ಆರಂಭದಲ್ಲಿ ದಾಖಲಿಸಿದ್ದಾನೆ. ಸೆಗಣಿ ಬೆರೆಸಿದ ಮಣ್ಣಿನ ಮುದ್ದೆಯನ್ನು ಚರಕಿನಲ್ಲಿ ತಿರುಗಿಸಿ ಒಳಗಿನ ಆಕಾರ ಬಿಡಿಸಬೇಕು. ಮೇಲೆ ಮೇಣ, ರಾಳದ ಪದರ. ಅದರ ಮೇಲೆ ಮತ್ತೆ ಮಣ್ಣು. ಬಿಸಿ ಮಾಡಿದರೆ ಮೇಣ ಹರಿದು ಹೋಗಿ, ಅದಿದ್ದ ಜಾಗಕ್ಕೆ ಲೋಹ ಬರುತ್ತದೆ. ಮೇಣ ಎಷ್ಟು ದಪ್ಪವೋ ಪಾತ್ರೆಯ ಗೋಡೆ ಅಷ್ಟೇ ದಪ್ಪ. ಬಿದ್ರಿಯಲ್ಲಿ ಬಹುಪಾಲು ಇರುವುದು ಸತು. ಅದು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಮಣ್ಣು ಸುಟ್ಟು ಕಲ್ಲಾಗುವಷ್ಟು ಕಾಯುವುದಿಲ್ಲ. ಸೆಗಣಿಯ ನಾರು ಮಾತ್ರ ಕಮರಿ ಮಣ್ಣನ್ನು ಪುಡಿಪುಡಿ ಮಾಡುತ್ತದೆ. ಸಣ್ಣ ಕಂಠದಿಂದ ಕೆರೆದು ತೆಗೆಯಲು ಇದಕ್ಕಿಂತ ಅನುಕೂಲ ಏನು ಬೇಕು!

ಮರಳು, ಮಣ್ಣುಗಳ ಆಸರೆಗೆ ಒಂದೇ ಬಾಳು. ಪ್ರತಿ ಪಾತ್ರೆಗೂ ಹೊಸದು ಮಾಡಬೇಕು, ಮಾಡಿದ್ದನ್ನು ಒಡೆಯಬೇಕು. ತಗಡಿನಿಂದ ಸಾವಿರಗಟ್ಟಲೆ ಪಾತ್ರೆ ಮಾಡುವವರಿಗೆ ಇದು ಗಿಟ್ಟುವುದಿಲ್ಲ. ನೀರಿನ ಕೊಡವನ್ನೇ ನೋಡಿ. ಹೊಟ್ಟೆಯ ಒಳಗೆ ಕೈ ಹಾಕಿ ನಡುವಿನಲ್ಲಿ ಬೆರಳಾಡಿಸಿದರೆ ಹಲವು ಕೊಡಗಳಲ್ಲಿ ಸುತ್ತಲೂ ಒಂದು ಗೆರೆ ಸಿಗುತ್ತದೆ. ಮೇಲಿನ ಹೋಳು, ಕೆಳಗಿನ ಹೋಳು ಬೇರೆ ಬೇರೆಯಾಗಿ ಮಾಡಿ ಬೆಸೆದ ಗುರುತು ಅದು. ಹಳೆಯ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಆ ಗೆರೆ ಹಲ್ಲುಹಲ್ಲಾಗಿರುತ್ತದೆ. ಒಂದು ತಗಡಿನ ಅಂಚಿಗೆ ಹಲ್ಲು ಕತ್ತರಿಸಿ ಇನ್ನೊಂದಕ್ಕೆ ಕಚ್ಚಿಸಿ ಬೆಸೆಯುತ್ತಿದ್ದರು. ಒಳಗೆ ಆಸರೆ ಇಡುವ ಗೋಜನ್ನೇ ತಪ್ಪಿಸಿಕೊಂಡ ಜಾಣತನ ಇದು.

ಬೆಸುಗೆ ಇಲ್ಲದೆ ಒಂದೇ ತಗಡಿನಲ್ಲಿ ಸಣ್ಣ ಬಾಯಿಯ ಪಾತ್ರೆ ಬೇಕೆಂದರೆ ಸ್ಪಿನ್ನಿಂಗ್ ಮಾಡುತ್ತಾರೆ. ಲೇತ್‌ನಲ್ಲಿ ಅಚ್ಚಿನ ಜೊತೆಗೇ ತಿರುಗುವ ತಗಡನ್ನು ಉದ್ದ ಹಿಡಿಯ ಸಲಕರಣೆಯಿಂದ ಒತ್ತುತ್ತ ಒತ್ತುತ್ತ ಬಾಗಿಸುವುದು. ಕಂಠ ಕಿರಿದಾದ ಕೂಡಲೇ ಅಚ್ಚು ಒಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಅಚ್ಚನ್ನು ಮೊದಲೇ ಹೋಳು ಮಾಡಿ ನಡುವಿನ ಒಂದು ದಿಂಡಿನ ಸುತ್ತ ಕಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ದಿಂಡನ್ನು ಎಳೆದು, ಹೋಳುಗಳನ್ನು ಒಂದೊಂದಾಗಿ ನಡುವಿಗೆ ಸರಿಸಿ ಬಾಯಿಂದ ತೆಗೆಯಬೇಕು. ಹೇಳಿದಷ್ಟು ಸಲೀಸಲ್ಲ. ಹೋಳುಗಳೆಲ್ಲ ಮೋಸಂಬಿಯ ತೊಳೆಯಂತೆ ಹೊರಗೆ ಅಗಲ, ಒಳಗೆ ಚೂಪು ಇದ್ದರೆ ಯಾವುದೂ ಅಲ್ಲಾಡುವುದಿಲ್ಲ. ಅಗಲವಾದ ಬೆನ್ನು ಅಕ್ಕಪಕ್ಕದವುಗಳ ನಡುವೆ ಹಾದು ಒಳಕ್ಕೆ ಬರಲಾರದು. ಕನಿಷ್ಠ ಒಂದು ಹೋಳಾದರೂ ಉಲ್ಟಾ ಇರಬೇಕು, ಹೊರಗೆ ಕಿರಿದು, ಒಳಗೆ ಅಗಲ. ಅದೇ ಬೀಗದ ಕೈ. ಮೊದಲು ಅದು ಜಾರುತ್ತದೆ, ಬಿಟ್ಟ ಜಾಗದಲ್ಲಿ ಉಳಿದವು ಮಗ್ಗುಲು ಬದಲಿಸಿ ಹೊರಬೀಳುತ್ತವೆ. ಮತ್ತೆ ಕಟ್ಟಿದರೆ ಮುಂದಿನ ಪಾತ್ರೆಗೆ ತಯಾರು.

ಇದೇ ಉಪಾಯ ದೈತ್ಯ ಗಾತ್ರದಲ್ಲಿ ಉಕ್ಕಿನ ಕಾರ್ಖಾನೆಗಳಲ್ಲಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆ ಕೆಂಪಗೆ ಕಾದ ಉಕ್ಕಿನ ಪಟ್ಟಿಯನ್ನು ಲಟ್ಟಿಸಿದ ಮೇಲೆ ಸುರುಳಿ ಸುತ್ತುತ್ತಾರೆ. ಒಂದೊಂದು ಸುರುಳಿ ಇಪ್ಪತ್ತು ಟನ್ ದಾಟುವುದು ಸಾಮಾನ್ಯ. ಅಷ್ಟು ಬಿಗಿಯಾಗಿ ಸುತ್ತಿದ್ದನ್ನು ನಡುವಿನ ದಿಂಡಿನಿಂದ ಎಳೆದು ತೆಗೆಯುವ ಮಾತೇ ಇಲ್ಲ. ಅದಕ್ಕೆ ದಿಂಡಿನ ಸುತ್ತ ಬಾಗಿದ ಹಲಗೆಗಳಿದ್ದು, ಒಳಗಿನ ಬೆಣೆಗಳು ಹೈಡ್ರಾಲಿಕ್ ಒತ್ತಡಕ್ಕೆ ಮುಂದೆ ಸರಿದರೆ ಅವು ಉಬ್ಬುತ್ತವೆ, ಹಿಂದೆ ಸರಿದರೆ ಕುಗ್ಗುತ್ತವೆ. ಕೆಲವೇ ಸೆಂಟಿಮೀಟರ್ ಕುಗ್ಗಿದರೂ ಸುರುಳಿ ಸಡಿಲವಾಗಿ ಹೊರಬರುತ್ತದೆ. ದೊಡ್ಡ ಪೈಪ್‌ಲೈನುಗಳಲ್ಲಿ ಎರಡು ಪೈಪುಗಳ ಬಾಯಿ ಕೂಡಿಸಿ ಬೆಸೆಯುವಾಗ ಒಳಗಿನಿಂದ ಒತ್ತಿ ಹಿಡಿಯುವ ಉಪಕರಣವೂ ಹೀಗೇ: ಉಬ್ಬಿ ಹಿಡಿದು, ಬೆಸುಗೆಯಾದ ಮೇಲೆ ಕುಗ್ಗಿ, ಪೈಪಿನೊಳಗೇ ಮುಂದಿನ ಜೋಡಣೆಗೆ ಸಾಗುತ್ತದೆ. ರಾಕೆಟ್ಟಿನ ಅಲ್ಯೂಮಿನಿಯಂ ಟ್ಯಾಂಕುಗಳ ಸುತ್ತುಬೆಸುಗೆಗೂ ಒಳಗಿನಿಂದ ಇಂಥ ಉಂಗುರದ ಆಸರೆ ಬೇಕು. ಟ್ಯಾಂಕ್ ಮುಚ್ಚಿದ ಮೇಲೆ ಅದನ್ನು ತುಂಡುತುಂಡಾಗಿ ಬಿಚ್ಚಿ ಸಣ್ಣ ಕಂಡಿಯಿಂದ ತೆಗೆಯಬೇಕು.

ಬಾಯೇ ಇಲ್ಲದಷ್ಟು ಸಣ್ಣ ಟೊಳ್ಳಾದರೆ? ಅಕ್ಕಸಾಲಿಗರು ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. ತೆಳು ಚಿನ್ನದ ಗುಂಡುಗಳಲ್ಲಿ ಅರಗು ತುಂಬಿ ಒಳಗೇ ಬಿಟ್ಟುಬಿಡುವುದು ಒಂದು. ಮುರಿದು ತೂಗುವ ದಿನ ಅಂಗಡಿಯಲ್ಲಿ ಜಗಳವಾಗುವುದು ಆ ಅರಗಿನ ತೂಕಕ್ಕೇ. ಇನ್ನೊಂದು, ತಾಮ್ರದ ತಂತಿಯ ಮೇಲೆ ಚಿನ್ನದ ಹೊದಿಕೆ ಎಳೆದು, ಬಳೆಯ ಆಕಾರಕ್ಕೆ ಬಾಗಿಸಿ, ನೈಟ್ರಿಕ್ ಆಮ್ಲದಲ್ಲಿ ಅದ್ದುವುದು. ಆಮ್ಲ ತಾಮ್ರವನ್ನು ತಿನ್ನುತ್ತದೆ, ಚಿನ್ನದ ತಂಟೆಗೆ ಹೋಗುವುದಿಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳಲ್ಲಿ ತಂಪು ಗಾಳಿ ಓಡುವ ಅಂಕುಡೊಂಕು ನಾಳಗಳನ್ನು ಬಿಡುವುದೂ ಇದೇ ತತ್ವದಿಂದ: ಸಿಲಿಕಾದ ಸೂಕ್ಷ್ಮ ಕೋರಿನ ಸುತ್ತ ನಿಕಲ್ ಮಿಶ್ರಲೋಹ ಹೊಯ್ದು, ಕೊನೆಗೆ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಕೋರನ್ನು ಕರಗಿಸುತ್ತಾರೆ. ತೆಳು ಕೊಳವೆಯನ್ನು ನುಗ್ಗದಂತೆ ಬಾಗಿಸಲು ಸುಮಾರು 70 ಡಿಗ್ರಿಗೆ ಕರಗುವ ವುಡ್ ಮಿಶ್ರಲೋಹವನ್ನು ತುಂಬಿ, ಆಮೇಲೆ ಕುದಿಯುವ ನೀರಿನಲ್ಲಿ ಇಳಿಸುವುದುಂಟು. ಪಾಶ್ಚಾತ್ಯ ತುತ್ತೂರಿ ತಯಾರಕರು ಸೋಪಿನ ನೀರನ್ನೇ ಕೊಳವೆಯಲ್ಲಿ ಹೆಪ್ಪುಗಟ್ಟಿಸಿ ಬಾಗಿಸುತ್ತಾರೆ.

ಇಷ್ಟೆಲ್ಲ ಬಗೆಗಳಲ್ಲಿ ಇವತ್ತಿಗೂ ಅತಿ ಹೆಚ್ಚು ಬಳಕೆಯಲ್ಲಿರುವುದು ಮರಳಿನ ಕೋರೇ, ಮತ್ತು ಅದರ ತೊಡಕು ಕಾರ್ಖಾನೆಯ ಬಾಗಿಲಾಚೆಗೂ ಚಾಚುತ್ತದೆ. ಅಂಟಾಗಿ ರಾಳ ಬೆರೆಸಿದ ಕೋರ್ ಸುಡುವಾಗಿನ ಘಾಟನ್ನು ಕೆಲಸಗಾರರು ಉಸಿರಾಡುತ್ತಾರೆ. ಸುಟ್ಟ ಮರಳು ರಾಶಿ ಬೀಳುತ್ತದೆ. ಜರ್ಮನಿಯ ಲ್ಯಾಂಡ್ಸ್‌ಹೂಟ್‌ನಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ ಅಲ್ಯೂಮಿನಿಯಂ ಎರಕಗಳಿಗೆ ಅಜೈವಿಕ ಅಂಟಿನ ಕೋರ್ ಬಳಸುತ್ತಿದೆ; ಅದರಲ್ಲಿ ಸುಡುವ ರಾಳವೇ ಇಲ್ಲ. ಹಳೆಯ ಮರಳನ್ನು 600-800 ಡಿಗ್ರಿಗೆ ಕಾಯಿಸಿದರೆ ಅಂಟು ಉರಿದು ಹರಳು ಮತ್ತೆ ಹೊಸದರಂತಾಗುತ್ತದೆ. ಇಂಥ ಕುಲುಮೆ ಒಂದು ಸಣ್ಣ ಫೌಂಡ್ರಿಗೆ ದುಬಾರಿ, ಹತ್ತಾರು ಫೌಂಡ್ರಿಗಳು ಸೇರಿದರೆ ಅಲ್ಲ. ಮರಳಿಗೆ ಈಗಾಗಲೇ ಬರ ಬಂದಿರುವ ರಾಜ್ಯದಲ್ಲಿ ಫೌಂಡ್ರಿ ಇರುವ ಪ್ರತಿ ಊರಿಗೂ ಇಂಥದೊಂದು ಸಾಮೂಹಿಕ ಘಟಕ ಬೇಕು.