ಜಲಜನಕದ ವಿದ್ಯುತ್ ವೆಚ್ಚವೂ ಲೋಹದ ಎಲೆಕ್ಟ್ರಾನುಗಳೂ

2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು 19,744 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಅನುಮೋದನೆ ನೀಡಿತು. ಅಂದಿನಿಂದ ನೀರನ್ನು ವಿದ್ಯುತ್ತಿನಿಂದ ವಿಭಜಿಸುವ ಎಲೆಕ್ಟ್ರೊಲೈಸರ್ ಯಂತ್ರದ ಹೆಸರು ವಾಣಿಜ್ಯ ವಲಯದಲ್ಲಿಯೂ ಪರಿಚಿತವಾಗಿದೆ. "ಇದರಲ್ಲಿ ಪ್ಲಾಟಿನಂ ಇಲ್ಲ, ಆದುದರಿಂದ ಅಗ್ಗ" ಎಂಬ ಮಾತನ್ನು ಉದ್ಯಮಿಗಳು ಹೇಗೆ ತೂಗಿ ನೋಡಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಲೆಕ್ಕ. 1 ಕಿಲೋ ಜಲಜನಕ ಪಡೆಯಲು ಯಂತ್ರದ ಕೋಶಕ್ಕೆ ನೀಡುವ ಪ್ರತಿ 1 ವೋಲ್ಟಿಗೆ ಸುಮಾರು 26.6 ಯೂನಿಟ್ ವಿದ್ಯುತ್ ತಗಲುತ್ತದೆ. ಇದು ಫ್ಯಾರಡೆಯ ನಿಯಮ. ಇಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಸಿದ್ಧಾಂತದಂತೆ ಕನಿಷ್ಠ 1.23 ವೋಲ್ಟ್ ಸಾಕು. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ 1.8ರಿಂದ 2 ವೋಲ್ಟ್ ಬೇಕಾಗುವುದರಿಂದ ವೆಚ್ಚವು 48ರಿಂದ 53 ಯೂನಿಟ್‌ಗಳಿಗೆ ಏರುತ್ತದೆ. ಈ ಹೆಚ್ಚುವರಿಯ ಒಂದು ಭಾಗವು ಜಲಜನಕ ಹೊರಬರುವ ಕ್ಯಾಥೋಡಿನ ಲೋಹವನ್ನು ಅವಲಂಬಿಸಿದೆ.

ಅಲ್ಲಿ ಜಲಜನಕದ ಪರಮಾಣು ಮೊದಲು ಲೋಹಕ್ಕೆ ಅಂಟಿಕೊಳ್ಳಬೇಕು, ಅನಂತರ ಜೋಡಿಯಾಗಿ ಬಿಟ್ಟುಹೋಗಬೇಕು. ಹಿಡಿತ ಸಡಿಲವಾದರೆ ಅದು ಬಂದು ನಿಲ್ಲುವುದಿಲ್ಲ, ಬಿಗಿಯಾದರೆ ಹೊರಡುವುದಿಲ್ಲ. 1912ರ ನೊಬೆಲ್ ಪ್ರಶಸ್ತಿ ಪಡೆದ ಫ್ರಾನ್ಸಿನ ಪಾಲ್ ಸಬಾಟಿಯೆ ಅವರ ತತ್ತ್ವವಿದು. 1972ರಲ್ಲಿ ಇಟಲಿಯ ಸೆರ್ಜಿಯೊ ತ್ರಸಾತ್ತಿ ಅವರು ಹಿಡಿತದ ಬಲಕ್ಕೆ ಎದುರಾಗಿ ಕ್ರಿಯೆಯ ವೇಗವನ್ನು ಗುರುತಿಸಿದಾಗ ದೊರೆತದ್ದು ಜ್ವಾಲಾಮುಖಿ ಪರ್ವತದಂತಹ ನಕ್ಷೆ. ಶಿಖರದ ಬಳಿ ಪ್ಲಾಟಿನಂ, ಒಂದು ಇಳಿಜಾರಿನಲ್ಲಿ ಚಿನ್ನ, ಬೆಳ್ಳಿ, ಇನ್ನೊಂದರಲ್ಲಿ ಮಾಲಿಬ್ಡಿನಂ, ಟಂಗ್‌ಸ್ಟನ್.

ಈ ಹಿಡಿತಕ್ಕೆ ಕಾರಣ ಸಂಕ್ರಮಣ ಲೋಹಗಳ 'ಡಿ' ಎಲೆಕ್ಟ್ರಾನುಗಳು. 1995ರಲ್ಲಿ ಹ್ಯಾಮರ್ ಮತ್ತು ನೋರ್ಸ್‌ಕೋವ್ ಇದನ್ನು ಸ್ಪಷ್ಟಪಡಿಸಿದರು. ಪರಮಾಣು ಲೋಹಕ್ಕೆ ಅಂಟಿದಾಗ ಎಲೆಕ್ಟ್ರಾನುಗಳಿಗೆ ಎರಡು ಬಗೆಯ ಸ್ಥಾನಗಳು ಏರ್ಪಡುತ್ತವೆ. ಕೆಳಗಿನವು ಬಂಧವನ್ನು ಬಿಗಿಗೊಳಿಸುತ್ತವೆ, ಮೇಲಿನವು ಸಡಿಲಿಸುತ್ತವೆ. ನಮ್ಮ ಭಾಷೆಯಲ್ಲಿ ಜಮೆ ಮತ್ತು ಖರ್ಚು ಎನ್ನೋಣ. ಜಮೆಯ ಕಡೆ ಎಲ್ಲ ಲೋಹಗಳಲ್ಲಿಯೂ ತುಂಬಿರುತ್ತದೆ. ಚಿನ್ನದಲ್ಲಿ 'ಡಿ' ಎಲೆಕ್ಟ್ರಾನುಗಳ ಶಕ್ತಿಮಟ್ಟ ಕೆಳಗಿರುವುದರಿಂದ ಖರ್ಚಿನ ಕಡೆಯೂ ತುಂಬಿ, ಬಂಧವು ದುರ್ಬಲವಾಗುತ್ತದೆ. ಮಾಲಿಬ್ಡಿನಂನಲ್ಲಿ ಆ ಮಟ್ಟ ಮೇಲಿದ್ದು ಖರ್ಚಿನ ಕಡೆ ಬಹುಪಾಲು ಖಾಲಿ, ಬಂಧ ಬಿಗಿ. ಪರಮಾಣು ಸಂಖ್ಯೆ 78ರ ಪ್ಲಾಟಿನಂ, 79ರ ಚಿನ್ನ ಪಕ್ಕಪಕ್ಕದ ಮನೆಗಳವು. ಆದರೂ ಈ ಕ್ರಿಯೆಯಲ್ಲಿ ಚಿನ್ನದ ಸಹಜ ವೇಗ ಸಾವಿರ ಪಟ್ಟಿಗೂ ಕಡಿಮೆ. ಬೆಲೆಗೂ ಯೋಗ್ಯತೆಗೂ ಸಂಬಂಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಷಾರೀಯ ಯಂತ್ರಗಳಲ್ಲಿ ಬಳಕೆಯಲ್ಲಿರುವುದು ನಿಕ್ಕಲ್. ಅದರ ಹಿಡಿತ ಪ್ಲಾಟಿನಂಗಿಂತ ತುಸು ಬಿಗಿ. ಈ ಕೊರತೆಯನ್ನು ನೀಗಲು ಎರಡು ಮಾರ್ಗಗಳಿವೆ. ಬೇರೊಂದು ಲೋಹ ಬೆರೆಸಿ 'ಡಿ' ಮಟ್ಟವನ್ನು ಸರಿಸುವುದು ಒಂದು. ನಿಕ್ಕಲ್-ಮಾಲಿಬ್ಡಿನಂ ಮಿಶ್ರಲೋಹ ಈ ಬಗೆಯದು. ಇನ್ನೊಂದು, ಮೇಲ್ಮೈಯನ್ನೇ ಹಿಗ್ಗಿಸುವುದು. ನಿಕ್ಕಲ್-ಅಲ್ಯೂಮಿನಿಯಂ ಮಿಶ್ರಣದಿಂದ ಕಾಸ್ಟಿಕ್ ಸೋಡಾ ಬಳಸಿ ಅಲ್ಯೂಮಿನಿಯಂ ಕರಗಿಸಿದರೆ ಉಳಿಯುವ ಸ್ಪಂಜಿನಂತಹ ರೇನಿ ನಿಕ್ಕಲ್ 1920ರ ದಶಕದ ಶೋಧ. ವನಸ್ಪತಿ ತಯಾರಕರಿಗೆ ನಿಕ್ಕಲ್ ಕ್ರಿಯಾವರ್ಧಕ ಹೊಸದೇನಲ್ಲ.

ಆದುದರಿಂದ ಕೊಟೇಶನ್ ಬಂದಾಗ ಲೋಹದ ಹೆಸರಿಗಿಂತ, ಪೂರ್ಣ ಹೊರೆಯಲ್ಲಿ ಕಿಲೋ ಒಂದಕ್ಕೆ ಎಷ್ಟು ಯೂನಿಟ್ ಎಂಬುದನ್ನು ಲಿಖಿತವಾಗಿ ಕೇಳುವುದು ಯುಕ್ತ. ದಿನಕ್ಕೆ 10 ಕಿಲೋ, ವರ್ಷಕ್ಕೆ 300 ದಿನ, ಯೂನಿಟ್ಟಿಗೆ 7 ರೂ. ಎಂದು ಹಿಡಿದರೆ 0.1 ವೋಲ್ಟಿನ ವ್ಯತ್ಯಾಸವೇ ವರ್ಷಕ್ಕೆ 7,980 ಯೂನಿಟ್, ಅಂದರೆ 55,860 ರೂ. ವೋಲ್ಟೇಜಿನ ನಷ್ಟದಲ್ಲಿ ಆಮ್ಲಜನಕ ಹೊರಬರುವ ಬದಿಯ ಪಾಲು ಸಾಮಾನ್ಯವಾಗಿ ಹೆಚ್ಚೆಂಬುದನ್ನೂ ಗಮನಿಸತಕ್ಕದ್ದು. ಕ್ಯಾಥೋಡಿನ ಗುಣವನ್ನಷ್ಟೇ ಹೊಗಳುವ ಮಾರಾಟಗಾರರಿಗೆ ಆ ಬದಿಯ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.