ವಿಯೆನ್ನಾದ ಬ್ರಂಚು, ಬೆಟ್ಟದ ನೀರು

ವಿಯೆನ್ನಾದಲ್ಲಿ ಬ್ರಂಚಿಗೆ ಜಾಗ ಸಿಗುವುದಿಲ್ಲ ಎಂಬ ಮಾತೇ ಇಲ್ಲ. ಸಿಕ್ಕಿದ ನೂರರಲ್ಲಿ ಯಾವುದಕ್ಕೆ ನುಗ್ಗುವುದು ಎಂಬುದೇ ಪೇಚು. ಪ್ರವಾಸಿಗರ ಪಟ್ಟಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ: ಸೆಂಟ್ರಲ್, ಲಾಂಡ್ಟ್‌ಮನ್, ಜಾಖರ್, ಡೆಮೆಲ್ ಎಂದು ಶುರುವಾಗಿ, ಕೊನೆಗೆ ಬೆಣ್ಣೆಹಣ್ಣು ಹಚ್ಚಿದ ಬ್ರೆಡ್ಡಿಗೆ ಬಂದು ನಿಲ್ಲುತ್ತವೆ. ಹೆರೆನ್‌ಗಾಸೆಯ ಕಫೆ ಸೆಂಟ್ರಲ್ ಮುಂದೆ ಬೆಳಿಗ್ಗೆಯೇ ಸಾಲು. ಒಳಗೆ ಕಮಾನಿನ ಚಾವಣಿ, ಬಾಗಿಲ ಬಳಿ ಲೇಖಕ ಪೀಟರ್ ಆಲ್ಟೆನ್‌ಬರ್ಗ್‌ನ ಬೊಂಬೆ, ಜೊತೆಗೆ ಟ್ರಾಟ್‌ಸ್ಕಿ ಇಲ್ಲಿ ಚೆಸ್ ಆಡುತ್ತಿದ್ದ ಎಂಬ ಖ್ಯಾತಿ. 1876ರಲ್ಲಿ ತೆರೆದ ಈ ಕಫೆ ಎರಡನೇ ಮಹಾಯುದ್ಧದ ಹೊತ್ತಿಗೆ ಮುಚ್ಚಿ, 1975ರಲ್ಲಿ ಮತ್ತೆ ಬಾಗಿಲು ತೆಗೆಯಿತು. ಕಣ್ಣಿಗೆ ಹಬ್ಬ, ಸರಿ. ಆದರೆ ಸಾಲಿನಲ್ಲಿ ನಿಂತು ಒಳಹೊಕ್ಕು, ಹಿಂದಿರುವವರ ನೋಟ ಬೆನ್ನಿಗೆ ಚುಚ್ಚುತ್ತಿರುವಾಗ ತಿಂದ ತಿಂಡಿ ಮೈಗೆ ಹತ್ತುವುದಿಲ್ಲ. ಬ್ರಂಚ್ ಎಂದರೆ ಅವಸರಕ್ಕೆ ರಜೆ. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಇಂಥದ್ದೊಂದು ಊಟ ಬೇಕೆಂದು ಪತ್ರಿಕೆಯಲ್ಲಿ ವಾದಿಸಿದ್ದೇ ಶನಿವಾರ ರಾತ್ರಿ ತಡವಾಗಿ ಮಲಗಿದವರ ಪರವಾಗಿ.

ಡಾನ್ಯೂಬಿನ ಆಚೆ ದಂಡೆಯಲ್ಲಿ ಸಂಸಾರ ಹೂಡಿರುವ ನನ್ನ ಚಿಕ್ಕಮ್ಮನ ಮಗಳು ಧಾರವಾಡದವಳು. ನಾನು ಗುರುತು ಹಾಕಿಕೊಂಡು ಹೋಗಿದ್ದ ಪಟ್ಟಿ ನೋಡಿ ನಕ್ಕಳು. "ಅಣ್ಣಾ, ಆ ಲಿಸ್ಟ್ ಬಾಜೂಕ ಇಡು. ಕಾಫಿ ಜೋಡಿ ಕೇಳದನ ನೀರು ತಂದಿಟ್ಟರ ಕೂಡು. ಇಲ್ಲಂದ್ರ ಎದ್ದು ಬಾ."

ಮೊದಲಿಗೆ ಇದು ತಮಾಷೆ ಎನಿಸಿತು. ಮಾರನೆಯ ಬೆಳಿಗ್ಗೆ ಕಫೆ ಷ್ಪೆರ್ಲ್‌ನಲ್ಲಿ ಕೂತ ಮೇಲೆ ಅದನ್ನೇ ಶಾಸ್ತ್ರ ಎಂದು ಒಪ್ಪಿಕೊಂಡೆ.

ಗುಂಪೆನ್‌ಡಾರ್ಫರ್ ಬೀದಿಯ ಮೂಲೆಯಲ್ಲಿರುವ ಷ್ಪೆರ್ಲ್ 1880ರದ್ದು. ಎತ್ತರದ ಕಿಟಕಿಗಳು, ಸವೆದ ಮರದ ನೆಲ, ಬಾಗಿಸಿದ ಮರದ ಥೋನೆಟ್ ಕುರ್ಚಿಗಳು. ಬಿಲಿಯರ್ಡ್ಸ್ ಮೇಜುಗಳೂ ಉಂಟು, ಆಡಲಿಕ್ಕೆ ಮಾತ್ರವಲ್ಲ, ಪತ್ರಿಕೆ ಹರಡಲಿಕ್ಕೂ. ವಾರದ ನಡುವಿನ ದಿನ, ಹತ್ತರ ಸುಮಾರು. ಅರ್ಧ ಕಾಫಿ, ಅರ್ಧ ಬಿಸಿ ಹಾಲು, ಮೇಲೆ ನೊರೆಯ ಮೆಲಾಂಜ್ ಹೇಳಿದೆ. ತಿನ್ನಲು ಜೆಮ್ಮೆಲ್ ಮತ್ತು ಗಾಜಿನ ಲೋಟದ ಮೊಟ್ಟೆ. ಜೆಮ್ಮೆಲ್ ಎಂದರೆ ಮೇಲೆ ಐದು ಮಡಿಕೆಯ ಚಕ್ರವಿರುವ ಗುಂಡು ಬನ್ನು. ಕೈಯಲ್ಲಿ ಮಡಿಸಿದ್ದಾದರೆ ಮಡಿಕೆಗಳು ಒಂದರಂತೆ ಇನ್ನೊಂದಿರುವುದಿಲ್ಲ, ಮುರಿದರೆ ಸಿಪ್ಪೆ ಚಟ್ಟನೆ ಸದ್ದು ಮಾಡುತ್ತದೆ. ಮೊಟ್ಟೆಯನ್ನು ಅರೆಬೇಯಿಸಿ, ಸುಲಿದು, ಎರಡೆರಡಾಗಿ ಲೋಟಕ್ಕೆ ಹಾಕಿ, ಈರುಳ್ಳಿ ಜಾತಿಯ ಎಳೆ ಸೊಪ್ಪನ್ನು ಉದುರಿಸಿ ಕೊಡುತ್ತಾರೆ. ಚಮಚದಲ್ಲಿ ಒಡೆದು, ಉಪ್ಪು ಹಾಕಿ, ಜೆಮ್ಮೆಲ್ ಅದ್ದಿ ತಿನ್ನಬೇಕು. ಚಿಪ್ಪು ಬಿಡಿಸುವ ಗೋಳನ್ನು ಅಡುಗೆಮನೆಯವರೇ ವಹಿಸಿಕೊಂಡಿದ್ದಾರೆ, ಅದಕ್ಕಿಂತ ದೊಡ್ಡ ಉಪಚಾರ ಬೆಳಿಗ್ಗೆ ಇನ್ನೇನಿದೆ?

ಕಾಫಿ ಬಂದದ್ದು ಪುಟ್ಟ ಲೋಹದ ತಟ್ಟೆಯಲ್ಲಿ. ಕಪ್ಪಿನ ಪಕ್ಕದಲ್ಲೇ ಸಣ್ಣ ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಕವುಚಿಟ್ಟ ಚಮಚ. ಮಂಜುಗಡ್ಡೆ ಇಲ್ಲದಿದ್ದರೂ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅರ್ಧ ಗಂಟೆಯ ನಂತರ ಕಾಫಿ ಮುಗಿದಿತ್ತು, ನಾನು ಏಳುವ ಲಕ್ಷಣ ತೋರಿಸಿರಲಿಲ್ಲ. ಕಪ್ಪು ಕೋಟಿನ ವೇಟರ್ ಬಂದರು, ಖಾಲಿ ಲೋಟ ಒಯ್ದರು, ತುಂಬಿದ ಲೋಟ ಇಟ್ಟರು. ಒಂದು ಮಾತಿಲ್ಲ, ಒಂದು ನಗೆ ಇಲ್ಲ. ವಿಯೆನ್ನಾದ ವೇಟರುಗಳು ಸಿಡುಕರು ಎಂದು ಬರೆಯುವವರು ಇದನ್ನು ಗಮನಿಸಿರಲಿಕ್ಕಿಲ್ಲ. ಎರಡನೇ ಲೋಟ ನೀರಿಗೆ ಒಂದೇ ಅರ್ಥ: ಇನ್ನಷ್ಟು ಹೊತ್ತು ಕೂರಬಹುದು. ಪಕ್ಕದ ಮೇಜಿನ ಹಿರಿಯರೊಬ್ಬರು ನನ್ನ ಬೆರಗು ನೋಡಿ, ಲೋಟದತ್ತ ಬೆರಳು ತೋರಿ, ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು: "ಬೆಟ್ಟದಿಂದ ಬಂದದ್ದು. ತಾನೇ ಹರಿದು ಬಂದದ್ದು."

ಈ ಮಾತು ನನ್ನನ್ನು ತಿಂಡಿಯಿಂದ ಎಬ್ಬಿಸಿಕೊಂಡು ಹೋಯಿತು. ಲೇಖನ ಬ್ರಂಚಿನ ಬಗ್ಗೆ ಎಂದು ಗೊತ್ತಿದೆ. ಆದರೆ ಈ ನೀರಿನ ಕಥೆ ಬಿಟ್ಟು ಮೊಟ್ಟೆಯ ಕಥೆ ಹೇಳಲು ಮನಸ್ಸಾಗುತ್ತಿಲ್ಲ.

ಹತ್ತೊಂಬತ್ತನೇ ಶತಮಾನದ ನಡುವಿನ ವಿಯೆನ್ನಾ ಬಾವಿ ನೀರನ್ನೂ, 1841ರಿಂದ ಡಾನ್ಯೂಬ್ ದಂಡೆಯಲ್ಲಿ ಸೋಸಿದ ನೀರನ್ನೂ ಕುಡಿಯುತ್ತಿತ್ತು. ಎರಡೂ ಸಾಲದು, ಎರಡೂ ಶುದ್ಧವಲ್ಲ. ಟೈಫಾಯ್ಡ್, ಕಾಲರಾ ಊರನ್ನು ಬಿಟ್ಟಿರಲಿಲ್ಲ. ಆಗ ಎಡುವಾರ್ಡ್ ಜೂಸ್ ಎಂಬ ಭೂವಿಜ್ಞಾನಿ 1862ರಲ್ಲಿ ವಿಯೆನ್ನಾದ ನೆಲದಡಿಯ ಮಣ್ಣು, ಕಲ್ಲು, ಬಾವಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಬರೆದು ಸುಮ್ಮನಾಗದೆ ಮರುವರ್ಷ ನಗರಸಭೆಗೂ ಆಯ್ಕೆಯಾದರು. ಊರಿಗಿಂತ ಎತ್ತರದಲ್ಲಿರುವ ಆಲ್ಪ್ಸ್ ಬೆಟ್ಟಗಳ, ಷ್ನೇಬರ್ಗ್ ಮತ್ತು ರಾಕ್ಸ್‌ನ ಊಟೆಗಳಿಂದಲೇ ನೀರು ತರಬೇಕೆಂದು ಪಟ್ಟು ಹಿಡಿದರು. ಕೈಸರ್‌ಬ್ರುನ್ ಊಟೆಯನ್ನು ಚಕ್ರವರ್ತಿ ಫ್ರಾನ್ಜ್ ಯೋಸೆಫ್ 1865ರಲ್ಲಿ ನಗರಕ್ಕೆ ಕೊಟ್ಟ. 1869ರಲ್ಲಿ ಕೆಲಸ ಶುರುವಾಗಿ, 1873ರ ಅಕ್ಟೋಬರ್ 24ರಂದು ನೀರು ಊರಿಗೆ ಬಂತು. 90 ಕಿಲೋಮೀಟರಿಗೂ ಹೆಚ್ಚಿನ ಹಾದಿ. ಬೆಟ್ಟದಲ್ಲಿ ಸುರಂಗ, ಕಣಿವೆಯಲ್ಲಿ ಕಮಾನು ಸೇತುವೆ. ನೀರನ್ನು ಎಳೆದು ತಂದದ್ದು ಇಳಿಜಾರು ಮಾತ್ರ. ಕಾವೇರಿಯನ್ನು ನೂರು ಕಿಲೋಮೀಟರು ದೂರದಿಂದ ಪಂಪು ಹಚ್ಚಿ ಮೇಲೆತ್ತಿ ತರುವ ಬೆಂಗಳೂರಿನವರಿಗೆ ಇದು ಹೊಟ್ಟೆಕಿಚ್ಚು ತರಿಸುವ ವಿಷಯ. 1910ರಲ್ಲಿ ಎರಡನೇ ಮಾರ್ಗವೂ ಬಂತು. ಅದರ ನೀರಿಗೆ ಊರು ಮುಟ್ಟಲು 36 ಗಂಟೆ ಬೇಕು.

1873 ವಿಯೆನ್ನಾಕ್ಕೆ ವಿಚಿತ್ರ ವರ್ಷ. ಮೇ ತಿಂಗಳಲ್ಲಿ ವಿಶ್ವ ಪ್ರದರ್ಶನ ತೆರೆಯಿತು, ವಾರ ಕಳೆಯುತ್ತಲೇ ಷೇರುಪೇಟೆ ಕುಸಿಯಿತು, ಬೇಸಿಗೆಯಲ್ಲಿ ಕಾಲರಾ ಬಂತು. ಶುದ್ಧ ನೀರು ಬರುವ ಹೊತ್ತಿಗೆ ಪ್ರದರ್ಶನದ ಅಂಗಡಿಗಳು ಗಂಟುಮೂಟೆ ಕಟ್ಟುತ್ತಿದ್ದವು. ಶ್ವಾರ್ಜೆನ್‌ಬರ್ಗ್ ಚೌಕದಲ್ಲಿ ಈಗಲೂ ಚಿಮ್ಮುವ ಕಾರಂಜಿ ಆ ನೀರಿನ ಸ್ವಾಗತಕ್ಕೆಂದೇ ಕಟ್ಟಿದ್ದು. ಖರ್ಚು ಹೊತ್ತವನು ಕಾಮಗಾರಿಯ ಗುತ್ತಿಗೆದಾರ ಆಂಟೋನಿಯೊ ಗಾಬ್ರಿಯೆಲ್ಲಿ. ಲೆಕ್ಕದ ಹುಚ್ಚಿದ್ದ ಮನುಷ್ಯ ಇರಬೇಕು: ಅಂಚಿನಲ್ಲಿ ವರ್ಷದ ದಿನಗಳಿಗೆ 365 ಸಣ್ಣ ಚಿಲುಮೆ, ಒಳಗೆ ತಿಂಗಳುಗಳಿಗೆ 12, ಗಂಟೆಗಳಿಗೆ 24, ತಿಂಗಳ ದಿನಗಳಿಗೆ 30. ಷ್ಪೆರ್ಲ್‌ನಿಂದ ನೇರ ಅಲ್ಲಿಗೆ ನಡೆದು, ಅಂಚಿನ ಚಿಲುಮೆಗಳನ್ನು ಎಣಿಸಲು ಹೊರಟು ನಗೆಪಾಟಲಾದೆ. ಹತ್ತಿರದಲ್ಲೇ ಜೂಸ್ ಅವರ ಪ್ರತಿಮೆ ಇದೆ. ಬಸ್ಸಿಗೆ ಓಡುವವರಾರೂ ಅದನ್ನು ನೋಡುವುದಿಲ್ಲ.

ನಾವಾದರೂ ನೋಡಬೇಕು. ಗೊಂಡ್ವಾನಾ ಎಂಬ ಮಹಾಭೂಖಂಡದ ಕಲ್ಪನೆ ಕೊಟ್ಟವರು ಇದೇ ಜೂಸ್. ಹೆಸರು ಬಂದದ್ದು ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಲ್ಲಿನ ಶಿಲಾಪದರಗಳಿಗೆ ಇಟ್ಟಿದ್ದ ಹೆಸರನ್ನು ಜೂಸ್ 1885ರಲ್ಲಿ ಒಂದು ಇಡೀ ಭೂಖಂಡಕ್ಕೆ ಹಿಗ್ಗಿಸಿದರು. ಒಂದೇ ಬಗೆಯ ಜರೀಗಿಡದಂಥ ಪಳೆಯುಳಿಕೆ ಭಾರತದಲ್ಲೂ ಆಫ್ರಿಕದಲ್ಲೂ ಸಿಗುವುದು ಅವರಿಗೆ ಸುಳಿವು. ನಡುವಿನ ನೆಲ ಮುಳುಗಿತೆಂದು ಅವರು ಬಗೆದರು. ಖಂಡಗಳೇ ಸರಿದವು ಎಂಬ ವಾದ ಮುಂದೆ ವೇಗೆನರ್ ಎಂಬ ವಿಜ್ಞಾನಿಯಿಂದ ಬಂತು. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಗಾಳಿ ಕುಡಿಯುವವರು ಕೂರುವುದು ಆ ಗೊಂಡ್ವಾನಾದ ಒಂದು ಚೂರಿನ ಮೇಲೆಯೇ. ನಮ್ಮ ಕಾಲಡಿಯ ನೆಲಕ್ಕೂ ವಿಯೆನ್ನಾದ ಕಾಫಿ ಜೊತೆಗಿನ ನೀರಿಗೂ ಒಬ್ಬನೇ ಸೂತ್ರಧಾರ ಎಂದು ತಿಳಿದಾಗಿನ ರೋಮಾಂಚ ಇನ್ನೂ ಇಳಿದಿಲ್ಲ.

ಕಾಫಿಯ ಚರಿತ್ರೆಗೆ ಇಷ್ಟು ಜಾಗ ಬೇಡ. 1683ರಲ್ಲಿ ತುರ್ಕರು ಮುತ್ತಿಗೆ ಬಿಟ್ಟೋಡಿದಾಗ ಉಳಿದ ಮೂಟೆಗಳಿಂದ ಕೊಲ್ಷಿಟ್ಸ್ಕಿ ಎಂಬಾತ ಕಾಫಿ ಕಾಯಿಸಿದ ಎಂಬ ಕಥೆ ಎಲ್ಲರ ಬಾಯಲ್ಲಿದೆ. ಅವನಿಗೊಂದು ಪ್ರತಿಮೆಯೂ ಇದೆ. ದಾಖಲೆ ಹೇಳುವುದು ಬೇರೆ: ಕಾಫಿ ಮಾರುವ ಪರವಾನಗಿ 1685ರಲ್ಲಿ ಸಿಕ್ಕಿದ್ದು ಆರ್ಮೇನಿಯನ್ ವ್ಯಾಪಾರಿ ಯೋಹಾನೆಸ್ ಡಿಯೊಡಾಟೊಗೆ. ತುರ್ಕರ ಚಂದ್ರವನ್ನು ಅಣಕಿಸಲು ಬಾಗಿದ ಕಿಪ್‌ಫೆರ್ಲ್ ಮಾಡಿದರು ಎಂಬುದೂ ಕಟ್ಟುಕಥೆ; ಆ ರೊಟ್ಟಿ ಮುತ್ತಿಗೆಗಿಂತ ಶತಮಾನಗಳಷ್ಟು ಹಳೆಯದು. ಅದರ ಮರಿಮಗನಾದ ಕ್ರೋಸಾಂಗೆ ಪ್ಯಾರಿಸಿನಲ್ಲಿ ದಾರಿ ಮಾಡಿದ್ದು 1830ರ ದಶಕದ ಕೊನೆಯಲ್ಲಿ ಅಲ್ಲಿ ಬೇಕರಿ ತೆರೆದ ವಿಯೆನ್ನಾದ ಆಗುಸ್ಟ್ ತ್ಸಾಂಗ್. ಕಾಫಿಮನೆಯ ಸಂಸ್ಕೃತಿ 2011ರಲ್ಲಿ ಯುನೆಸ್ಕೊದ ಆಸ್ಟ್ರಿಯಾ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದರಿಂದ ಕಾಫಿ ರುಚಿಯೇನೂ ಹೆಚ್ಚಿಲ್ಲ.

ಈಗ ವಿಳಾಸಗಳು. ಷ್ಟೂಬೆನ್‌ರಿಂಗ್‌ನ ಕಫೆ ಪ್ರೂಕೆಲ್ ನನ್ನ ಎರಡನೇ ಮೆಚ್ಚುಗೆ. 1903ರ ಕಫೆ, ಒಳಾಂಗಣ ಮಾತ್ರ 1950ರ ದಶಕದ್ದು. ಹಾಗಾಗಿ ಅರಮನೆಯ ಠೀವಿ ಇಲ್ಲ, ಬೆಳಕು ಧಾರಾಳ. ಮರಿಯಾಹಿಲ್ಫ್ ಕಡೆಯ ಯೆಲಿನೆಕ್ ಚಿಕ್ಕದು, ಮಾಸಲು, ಕಬ್ಬಿಣದ ಒಲೆಯ ಸುತ್ತ ಚಳಿಗಾಲಕ್ಕೆ ಹೇಳಿ ಮಾಡಿಸಿದ್ದು. ಅಜ್ಜ ಅಜ್ಜಿಯರೇ ಕೇಕು ಬೇಯಿಸುವ ಫೋಲ್‌ಪೆನ್ಸಿಯೋನ್ ಬಗ್ಗೆ ಮೊದಲು ಮೂಗು ಮುರಿದಿದ್ದೆ. ನಿವೃತ್ತರಿಗೆ ದುಡಿಮೆಯೂ ಜೊತೆಯೂ ಸಿಗಲೆಂದು ನಡೆಸುವ ಕಫೆ ಎಂದು ಗೊತ್ತಾದ ಮೇಲೆ ಇನ್ನೊಂದು ತುಂಡು ಹೇಳಿದೆ. ರೊಟ್ಟಿಯ ಮೇಲೆ ಪ್ರೀತಿ ಇರುವವರು ಯೋಸೆಫ್ ಬ್ರೋಟ್‌ಗೆ ಹೋಗಲಿ. ನಾಷ್‌ಮಾರ್ಕ್ಟ್ ಸಂತೆಯ ಸಾಲು ಹೋಟೆಲುಗಳಲ್ಲಿ ಗದ್ದಲ ಜಾಸ್ತಿ. ಶನಿವಾರ ಪಕ್ಕದಲ್ಲೇ ಹಳೇ ಸಾಮಾನಿನ ಸಂತೆ ಇರುವುದರಿಂದ ಅದನ್ನು ಕ್ಷಮಿಸಬಹುದು. ಶನಿವಾರವೇ ಆದರೆ ನನ್ನ ಮತ ಕಾರ್ಮೆಲಿಟರ್‌ಮಾರ್ಕ್ಟ್‌ಗೆ: ರೈತರು ತರಕಾರಿ ಹರಡಿರುತ್ತಾರೆ, ಸುತ್ತಲಿನ ಕಫೆಗಳಿಗೆ ಬರುವುದು ಬಹುಪಾಲು ಅಲ್ಲಿನ ಮನೆಮಂದಿ. ಸಸ್ಯಾಹಾರಿಗಳಿಗೆ ಬೆಣ್ಣೆ, ಜಾಮ್, ಚೀಸು, ಜೆಮ್ಮೆಲ್ ಎಲ್ಲೆಡೆ ಸಿಗುತ್ತವೆ. ಮೊಟ್ಟೆಯನ್ನೂ ಬಿಟ್ಟವರು ಬೇಗ ಬೇಸರಪಡುತ್ತಾರೆ ಎಂಬುದನ್ನು ಮುಚ್ಚಿಡುವುದಿಲ್ಲ.

ಹೊಸ ಅಲಂಕಾರದ ಒಂದು ಕಫೆಯಲ್ಲಿ, ಹೆಸರು ಬೇಡ, ನಲ್ಲಿ ನೀರಿಗೂ ಬಿಲ್ಲಿನಲ್ಲಿ ಒಂದು ಸಾಲು ಬಿದ್ದಿತ್ತು. ಮೊತ್ತ ದೊಡ್ಡದಲ್ಲ. ವೇಟರಿಗೂ ಲೋಟ ತೊಳೆಯುವವರಿಗೂ ಸಂಬಳ ಕೊಡಬೇಕಲ್ಲ ಎಂಬ ಮಾಲೀಕರ ವಾದದಲ್ಲೂ ಸುಳ್ಳಿಲ್ಲ. ಆದರೂ 2001ರಲ್ಲಿ ತನ್ನ ನೀರಿಗೆ ಸಂವಿಧಾನದ ರಕ್ಷಣೆಯನ್ನೇ ಕೊಟ್ಟುಕೊಂಡ ನಗರವಿದು. ನೀರಿಗೆ ದುಡ್ಡು ಕೇಳುವ ಜಾಗದಲ್ಲಿ ಕುರ್ಚಿಗೂ ಒಳಗೊಳಗೇ ಗಡಿಯಾರ ಓಡುತ್ತಿರುತ್ತದೆ. ಪ್ಲೇಟು ಖಾಲಿಯಾದ ಕೂಡಲೇ ಇನ್ನೇನು ಬೇಕು ಎಂದು ಕೇಳಲು ಬರುತ್ತಾರೆ. ನನ್ನ ಮಟ್ಟಿಗೆ ಅದು ಬ್ರಂಚ್ ಅಲ್ಲ, ಬಾಡಿಗೆ.

ಹೋಗುವವರಿಗೆ ಕೊನೆಯದಾಗಿ ಎರಡು ಮಾತು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಅರ್ಧ ಊರು ಕಫೆಗಳಿಗೇ ಬರುತ್ತದೆ. ಮೇಜು ಕಾದಿರಿಸಿ, ಇಲ್ಲವೇ ವಾರದ ದಿನ ಹೋಗಿ. ಹಳೆಯ ಕಫೆಗಳಲ್ಲಿ ಬೆಳಗಿನ ತಿಂಡಿ ಮಧ್ಯಾಹ್ನದೊಳಗೆ ನಿಂತುಬಿಡುವುದುಂಟು. ತಪ್ಪಿತೆಂದು ಕೊರಗಬೇಡಿ: 1939ರಲ್ಲಿ ತೆರೆದ ಕಫೆ ಹಾವೆಲ್ಕಾದಲ್ಲಿ ಜಾಮ್ ತುಂಬಿದ ಬಿಸಿ ಬುಖ್ಟೆಲ್ನ್ ಬನ್ನು ರಾತ್ರಿ ಎಂಟರ ಮೇಲೆ ಬರುತ್ತದೆ. ಅದಕ್ಕೆ ಬ್ರಂಚ್ ಎನ್ನಲು ಬೆರಿಂಜರ್ ಒಪ್ಪಲಿಕ್ಕಿಲ್ಲ. ಬುಖ್ಟೆಲ್ನ್ ತಿಂದವರು ಅವನ ಒಪ್ಪಿಗೆ ಕೇಳುವುದೂ ಇಲ್ಲ.