ಮುಂದಿನ ಚಕ್ರದ ಕಟಕಟ: ಮೂಲ ಹಿಡಿಯುವ ಬಗೆ

ಕಾರಿನ ಮುಂಭಾಗದಲ್ಲಿ ‘ಕಟಕಟ’ ಸದ್ದು ಶುರುವಾದರೆ ಮೊದಲು ಬರುವ ಮಾತು, ‘ಶಾಕ್ ಅಬ್ಸಾರ್ಬರ್ ಹೋಗಿದೆ.’ ಎಷ್ಟೋ ಸಲ ಹೋಗಿರುವುದು ಅದಲ್ಲ, ಅದಕ್ಕಿಂತ ಅಗ್ಗದ ಒಂದು ಲಿಂಕ್ ರಾಡೋ ರಬ್ಬರ್ ಬುಷ್ಷೋ ಆಗಿರುತ್ತದೆ. ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ದುಡ್ಡು ಕರಗುತ್ತದೆ, ಸದ್ದು ಹಾಗೇ ಉಳಿಯುತ್ತದೆ.

ನಮ್ಮಲ್ಲಿ ಓಡಾಡುವ ಬಹುಪಾಲು ಸಣ್ಣ ಕಾರುಗಳ ಮುಂಭಾಗದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ಜೋಡಣೆ 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂತು. 1983ರಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲೂ ಇದ್ದದ್ದು ಇದೇ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ. ಕಂಬದ ತಲೆ ಬಾನೆಟ್ ಕೆಳಗಿನ ಮೌಂಟಿಗೆ, ಬುಡ ಚಕ್ರದ ಗುಂಬಕ್ಕೆ. ಗುಂಬವನ್ನು ಕೆಳಗಿನಿಂದ ಹಿಡಿದಿರುವುದು ಲೋಯರ್ ಆರ್ಮ್. ಅದರ ಒಂದು ತುದಿಯಲ್ಲಿ ಬಾಲ್ ಜಾಯಿಂಟ್, ಇನ್ನೊಂದು ತುದಿಯಲ್ಲಿ ರಬ್ಬರ್ ಬುಷ್. ಎಡಬಲ ಚಕ್ರಗಳ ನಡುವೆ ಹಾದುಹೋಗುವ ಉಕ್ಕಿನ ಸರಳೇ ಸ್ಟೆಬಿಲೈಜರ್ ಬಾರ್. ಅದರ ತುದಿಯನ್ನು ಸ್ಟ್ರಟ್ಟಿಗೋ ಲೋಯರ್ ಆರ್ಮಿಗೋ ಜೋಡಿಸುವ ಸಣ್ಣ ಕಡ್ಡಿಯೇ ಲಿಂಕ್ ರಾಡ್.

ಸದ್ದು ಎಲ್ಲಿಂದ ಅನ್ನುವುದರಲ್ಲಿ ಕಿವಿಯನ್ನು ನಂಬಬೇಡಿ. ಉಕ್ಕಿನ ಬಾಡಿ ಸದ್ದನ್ನು ಹೊತ್ತೊಯ್ಯುತ್ತದೆ, ಎಡಗಡೆಯ ಬುಷ್ ಬಡಿದರೂ ಸ್ಟೀರಿಂಗಿನ ಬುಡದಲ್ಲೇ ಬಡಿದಂತೆ ಕೇಳಿಸಬಹುದು. ಕಿವಿಯಿಂದ ತಿಳಿಯಬೇಕಾದದ್ದು ಯಾವಾಗ ಅನ್ನುವುದನ್ನು. ಇದಕ್ಕೆ ತಾಯಲೂರು ಹೋಬಳಿಯ ರಸ್ತೆಗಳು ಸಾಕು. ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ಊರ ಮುಂದಿನ ಹಂಪುಗಳು ಹೆಚ್ಚಾಗಿ ಅದಕ್ಕಿಂತ ಕಿರಿದು, ಕಡಿದು. ಅವುಗಳ ಮೇಲೆ ನೇರವಾಗಿ ಹೋದರೆ ಮುಂದಿನ ಎರಡು ಚಕ್ರಗಳೂ ಒಟ್ಟಿಗೆ ಏರಿ ಇಳಿಯುತ್ತವೆ. ಆಗ ಸ್ಟೆಬಿಲೈಜರ್ ಬಾರ್ ಸುಮ್ಮನೆ ಹೊರಳುತ್ತದೆಯೇ ಹೊರತು ತಿರುಚಿಕೊಳ್ಳುವುದಿಲ್ಲ, ಲಿಂಕ್ ರಾಡಿನ ಮೇಲೆ ಹೆಚ್ಚು ಎಳೆತ ಬೀಳುವುದಿಲ್ಲ. ತೋಟದ ಮಣ್ಣುದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿಯ ಹಳ್ಳಕ್ಕೆ ಒಂದೇ ಚಕ್ರ ಇಳಿದಾಗ ಬಾರ್ ತಿರುಚುತ್ತದೆ, ಸವೆದ ಲಿಂಕ್ ಬಡಿಯುತ್ತದೆ. ಹಾಗಾಗಿ ಹಂಪಿನ ಮೇಲೆ ಸುಮ್ಮನಿದ್ದು, ಮಣ್ಣುದಾರಿಯಲ್ಲಿ ನಿಧಾನ ಹೋಗುವಾಗ ಕಟಕಟ ಅಂದರೆ ಮೊದಲ ಅನುಮಾನ ಲಿಂಕ್ ರಾಡಿನ ಮೇಲೆ. ಮಾರುತಿ 800, ಹಳೆಯ ಆಲ್ಟೊಗಳಲ್ಲಿ ಬೇರೆ ಲಿಂಕ್ ಇಲ್ಲ, ಬಾರಿನ ತುದಿ ನೇರ ಲೋಯರ್ ಆರ್ಮಿಗೆ ಸೇರುತ್ತದೆ. ಅಲ್ಲಿ ನೋಡಬೇಕಾದದ್ದು ಬಾರಿನ ಬುಷ್‌ಗಳನ್ನು.

ಹಂಪಿನ ಮೇಲೂ ‘ಡಬ್’ ಅಂದರೆ ಸ್ಟ್ರಟ್ ಮೌಂಟು, ಇಲ್ಲವೇ ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್. ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟು ಹೊರಟಾಗ ಇನ್ನೊಮ್ಮೆ ಬಂದರೆ ಲೋಯರ್ ಆರ್ಮ್ ಬುಷ್. ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋದಾಗ ಸದ್ದು ನಿಂತರೆ ಬ್ರೇಕ್ ಪ್ಯಾಡು, ಕ್ಯಾಲಿಪರ್ ಪಿನ್ನು ನೋಡಿ. ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಬಿಗಿಹಿಡಿದು ‘ಟಣ್’ ಎಂದು ಜಾರಿದರೆ ಮೌಂಟಿನ ಬೇರಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಪೂರ್ತಿ ತಿರುಗಿಸಿ ಹೋಗುವಾಗ ಚಕ್ರದ ವೇಗಕ್ಕೆ ತಕ್ಕಂತೆ ಟಕಟಕ ಬಂದರೆ ಅದು ಸಸ್ಪೆನ್ಷನ್ನಿನದಲ್ಲ, ಆಕ್ಸಲ್ ಜಾಯಿಂಟಿನದು.

ಇನ್ನು ಕೈಯ ಕೆಲಸ. ಎಲ್ಲಕ್ಕೂ ಮೊದಲು ವ್ಹೀಲ್ ನಟ್ಟು ಬಿಗಿಯಾಗಿದೆಯೇ ನೋಡಿ. ಲಿಂಕ್ ರಾಡ್ ಪರೀಕ್ಷೆಗೆ ಜಾಕ್ ಬೇಡ, ಕಾರು ನೆಲದ ಮೇಲೇ ಇರಲಿ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಕಾರನ್ನು ಪಕ್ಕದಿಂದ ಅಲುಗಿಸುತ್ತಿರಲಿ, ನೀವು ಚಕ್ರದ ಹಿಂದೆ ಕೈ ಚಾಚಿ ಲಿಂಕಿನ ಗುಂಡಿನ ಮೇಲೆ ಎರಡು ಬೆರಳು ಇಡಿ. ಸವೆದಿದ್ದರೆ ಒಂದು ಸಣ್ಣ ಪೆಟ್ಟು ಬೆರಳಿಗೆ ನೇರವಾಗಿ ತಾಗುತ್ತದೆ. ಕಿವಿ ಗೊತ್ತುಮಾಡಲಾರದ್ದನ್ನು ಬೆರಳು ಹೇಳುವುದು ಹೀಗೆ.

ಬಾಲ್ ಜಾಯಿಂಟಿಗಾದರೆ ಕಾರನ್ನು ಬಾಡಿಯಿಂದ ಎತ್ತಿ, ಚಕ್ರ ನೇತಾಡುವಂತೆ ಬಿಟ್ಟು, ಸ್ಟ್ಯಾಂಡ್ ಕೊಡಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಇಡಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಸಿಕ್ಕರೆ ಬಾಲ್ ಜಾಯಿಂಟೋ ವ್ಹೀಲ್ ಬೇರಿಂಗೋ, ಎಡಬಲ ಹಿಡಿದಾಗ ಮಾತ್ರ ಸಿಕ್ಕರೆ ಸ್ಟೀರಿಂಗಿನ ಟೈ ರಾಡ್ ತುದಿ. ಬುಷ್‌ಗಳಿಗೆ ಲಿವರ್ ಹಾಕಿ ಮೀಟಿ, ರಬ್ಬರು ಬಿರಿದಿದ್ದರೆ ಕಣ್ಣಿಗೇ ಕಾಣುತ್ತದೆ. ಬಾಲ್ ಜಾಯಿಂಟಿನಲ್ಲಿ ಆಟ ಕಂಡರೆ ಮಾತ್ರ ನಾಳೆಗೆ ಬಿಡಬೇಡಿ. ಅದು ಕಳಚಿದರೆ ಚಕ್ರವೇ ಹೊರಚಾಚಿ ಮಡಚಿಕೊಳ್ಳುತ್ತದೆ.

ಹೊಸ ಬುಷ್ ಹಾಕಿದರೂ ಕೆಲವೇ ತಿಂಗಳಲ್ಲಿ ಸದ್ದು ಮರಳಿದರೆ ಬೋಲ್ಟ್ ಬಿಗಿದ ರೀತಿಯನ್ನೂ ಕೇಳಿ. ಲೋಯರ್ ಆರ್ಮ್ ಬುಷ್ಷಿನಲ್ಲಿ ರಬ್ಬರು ಒಳಹೊರ ಉಕ್ಕಿನ ಬಳೆಗಳಿಗೆ ಅಂಟಿಕೊಂಡಿರುತ್ತದೆ, ಆರ್ಮ್ ಆಡಿದಾಗ ಅದು ತಿರುಚುತ್ತದೆ. ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಲು ಮೆಕ್ಯಾನಿಕ್‌ಗೆ ಹೇಳಿ. ಲಿಂಕ್ ರಾಡ್ ಬದಲಿಸಿದರೆ ಅಲೈನ್‌ಮೆಂಟ್ ಬೇಕಿಲ್ಲ. ಲೋಯರ್ ಆರ್ಮ್, ಸ್ಟ್ರಟ್ ಅಥವಾ ಟೈ ರಾಡ್ ಬಿಚ್ಚಿದ್ದರೆ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರು ಒಂದು ಬದಿಗೆ ಸವೆಯುತ್ತದೆ.